ಅವಳಿಗೆ ಆರೂವರೆ, ಅವನಿಗೆ ಏಳು

"ನಿಮ್ಮದೆಷ್ಟು ಬಂತು?"

ಪರೀಕ್ಷೆಯ ಮಾರ್ಕ್ಸ್ ವಿಚಾರಿಸಿದಂತಿದ್ದ ಆ ಧ್ವನಿಗೆ ಕಸ್ತೂರಿ ಗಕ್ಕನೆ ತಿರುಗಿದಳು.

2014ರ ಯುಗಾದಿ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಬಾಡಿಗೆಗೆ ಹಿಡಿದ ಹಾಲ್. ಒಂದು ಕಡೆ ಹೋಳಿಗೆಯ ಘಮ, ಇನ್ನೊಂದು ಕಡೆ ಕನ್ನಡ ಬಳಗದವರ ಉಚಿತ ಆರೋಗ್ಯ ತಪಾಸಣೆ. ಊಟಕ್ಕೆ ಮೊದಲು ಎಲ್ಲರೂ ಬೆರಳು ಚುಚ್ಚಿಸಿಕೊಂಡು ಬನ್ನಿ ಎಂದು ಮೈಕಿನಲ್ಲಿ ಕೂಗುತ್ತಿದ್ದರು.

ನರ್ಸ್ ಆಂಟಿ ಈಗಷ್ಟೇ ಅವಳ ಬೆರಳಿಗೆ ಹತ್ತಿ ಒತ್ತಿ, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದ್ದರು. "ಏನಮ್ಮಾ, ಖಾಲಿ ಹೊಟ್ಟೇಲೇ ಶುಗರ್ ಸಿಕ್ಸ್ ಪಾಯಿಂಟ್ ಎಯ್ಟ್! ನಮ್ಮೂರ ಲೆಕ್ಕದಲ್ಲಿ ನೂರಿಪ್ಪತ್ತೆರಡು! ಇಪ್ಪತ್ತೊಂಬತ್ತಕ್ಕೇ ಬಾರ್ಡರ್‌ಗೆ ಬಂದ್ಬಿಟ್ಟಿದ್ದೀಯಲ್ಲ!"

ಕಸ್ತೂರಿಯ ಕಣ್ಣ ಮುಂದೆ ಬಂದದ್ದು ಅಮ್ಮನ ಕಾಲು.

ದಾವಣಗೆರೆಯ ಶಾಲೆಯಲ್ಲಿ ಟೀಚರ್ ಆಗಿದ್ದ ಅಮ್ಮ. ಸಕ್ಕರೆ ಕಾಯಿಲೆಯನ್ನು ನಗುತ್ತಲೇ ಮುಂದೂಡಿದ ಅಮ್ಮ. ಹೆಬ್ಬೆರಳಿನ ಸಣ್ಣ ಗಾಯ ಮಾಯಲೇ ಇಲ್ಲ. ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ಅದಾದ ಎರಡೇ ವರ್ಷಕ್ಕೆ ಅಮ್ಮನೂ ಇಲ್ಲ...

"ಅದು ನಿಮಗ್ಯಾಕೆ?" ಕಸ್ತೂರಿ ಸಿಡುಕಿದಳು.

ಎದುರಿಗೆ ನಿಂತಿದ್ದವನು ಅವಳಿಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಬೊಜ್ಜು ಬಂದ ಮೈ, ಬಿಗಿಯಾದ ಜುಬ್ಬ, ಪೆಚ್ಚು ಮುಖ.

"ಸಾರಿ... ನಂದು ಬಿಪಿ ನೂರೈವತ್ತೆರಡು ಬಂತು. ಈ ವಯಸ್ಸಿಗೆ ನಾನೊಬ್ನೇನಾ ಅಂತ ಭಯ ಆಯ್ತು. ಜೊತೆ ಸಿಗತ್ತೇನೋ ಅಂತ ಕೇಳ್ಬಿಟ್ಟೆ."

ಬೈಯಲು ಬಾಯಿ ತೆರೆದವಳಿಗೆ ಅಳು ಬಂದುಬಿಟ್ಟಿತು! ಅವನು ಗಾಬರಿಯಾಗಿ ಊಟದ ಸಾಲಿನಿಂದ ಟಿಶ್ಯೂವಿನ ಇಡೀ ಪೆಟ್ಟಿಗೆಯನ್ನೇ ಎತ್ತಿ ತಂದ.

"ನನ್ನ ಹೆಸರು ಉತ್ತಮ್. ಮೈನಿಂಗ್ ಕಂಪನೀಲಿ ಮೆಕ್ಯಾನಿಕಲ್ ಎಂಜಿನಿಯರ್. ನಾಳೆ ಬೆಳಿಗ್ಗೆ ಆರಕ್ಕೆ ಸದರ್ನ್ ರಿವರ್ ಪಾರ್ಕ್‌ನಲ್ಲಿ ವಾಕ್ ಶುರು ಮಾಡ್ಬೇಕು ಅಂದ್ಕೊಂಡಿದೀನಿ. ಒಬ್ನೇ ಆದ್ರೆ ಗೇಟ್‌ನಿಂದ್ಲೇ ವಾಪಸ್ ಬಂದ್ಬಿಡ್ತೀನಿ. ನೀವು ಬಂದ್ರೆ... ಮರ್ಯಾದೆಗಾದ್ರೂ ಮುಂದೆ ಹೋಗ್ತೀನಿ."

'ಎಂಥ ವಿಚಿತ್ರ ಮನುಷ್ಯ!' ಎಂದುಕೊಂಡಳು ಕಸ್ತೂರಿ.

ಆದರೆ ಮರುದಿನ ಆರಕ್ಕೆ, ಒಂದು ವರ್ಷದಿಂದ ಡಬ್ಬಿಯಲ್ಲೇ ಮಲಗಿದ್ದ ಶೂ ಹಾಕಿಕೊಂಡು ಅವಳು ಪಾರ್ಕಿನ ಗೇಟಿನಲ್ಲಿ ನಿಂತಿದ್ದಳು.

* * *

ಮೊದಲ ವಾರ ಇಬ್ಬರೂ ಹತ್ತು ನಿಮಿಷಕ್ಕೇ ಏದುಸಿರು ಬಿಟ್ಟರು. ಎರಡನೇ ವಾರ ಕಸ್ತೂರಿ ಎರಡು ದಿನ ಕೈ ಕೊಟ್ಟಳು. ಮೂರನೇ ದಿನ ಉತ್ತಮ್ ಅವಳ ಮನೆಯ ಮುಂದೆ ನಿಂತು ಫೋನ್ ಮಾಡಿದ. "ಒಳಗೆ ಕರೀಬೇಡಿ, ಕಾಫಿ ಬೇಡ. ಶೂ ಹಾಕ್ಕೊಂಡು ಬನ್ನಿ ಅಷ್ಟೆ!"

ಸೆಪ್ಟೆಂಬರ್‌ನಲ್ಲಿ ಮ್ಯಾಗ್‌ಪೈ ಹಕ್ಕಿಗಳು ಮೊಟ್ಟೆಯಿಟ್ಟು, ದಾರಿಯಲ್ಲಿ ಹೋಗುವವರ ತಲೆಗೆ ಎರಗತೊಡಗಿದವು. ಒಂದು ದಿನ ಅವಳ ಮೇಲೆ ಎರಗಿದ ಹಕ್ಕಿಗೆ ಉತ್ತಮ್ ತನ್ನ ತಲೆಯನ್ನೇ ಅಡ್ಡ ಕೊಟ್ಟ. ಹಣೆಯಲ್ಲಿ ಗೀರು! ಅದನ್ನು ಒರೆಸುವಾಗ ಅವಳ ಕೈ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಅಲ್ಲಿ ನಿಂತಿತ್ತು. 'ನೀವು' ಹೋಗಿ 'ನೀನು' ಬಂದದ್ದು ಆ ದಿನವೇ.

ಅನ್ನದ ರಾಶಿ ಕರಗಿ ಒಂದು ಸೌಟಾಯಿತು. ಪಕ್ಕಕ್ಕೆ ಮೊಳಕೆ ಹುರುಳಿಯ ಉಸಲಿ, ಸೌತೆಕಾಯಿ ಕೋಸಂಬರಿ ಬಂದವು. ಇಬ್ಬರೂ ದಿನಾ ತಟ್ಟೆಯ ಫೋಟೋ ಕಳಿಸಿಕೊಳ್ಳುತ್ತಿದ್ದರು. ಪ್ರೇಮಿಗಳು ಗುಲಾಬಿ ಕಳಿಸುತ್ತಾರಂತೆ, ಇವರು ಹುರುಳಿಕಾಳು!

ಆದರೆ 2015 ಬರುತ್ತಿದ್ದಂತೆ ಗಣಿಗಳ ಭರಾಟೆ ಇಳಿದು, ಪರ್ತ್‌ನಲ್ಲಿ ಎಂಜಿನಿಯರುಗಳ ಕೆಲಸ ಹೋಗತೊಡಗಿತು. ಉತ್ತಮ್‌ನದೂ ಹೋಯಿತು. ಬ್ರಿಸ್ಬೇನ್‌ನಲ್ಲಿ ಒಂದು ಕಾಂಟ್ರ್ಯಾಕ್ಟ್ ಸಿಕ್ಕಿತು. ಅದೇ ತಿಂಗಳು ಕಸ್ತೂರಿಗೆ ಪರ್ಮನೆಂಟ್ ವೀಸಾ ಬಂತು. ಆದರೆ ಎರಡು ವರ್ಷ ಅಡಿಲೇಡ್‌ನಲ್ಲೇ ಇರಬೇಕೆಂಬ ಷರತ್ತು.

ಬೀಳ್ಕೊಡುಗೆಯ ದಿನ ವಿಮಾನ ನಿಲ್ದಾಣದಲ್ಲಿ ಅವಳು ಅವನ ತೋಳು ಹಿಡಿದಳು. "ನೀನಿಲ್ದೆ ನಾನು ನಡೆಯಲ್ಲ ಉತ್ತಮ್. ನನಗೆ ಗೊತ್ತು, ಬಿಟ್ಬಿಡ್ತೀನಿ."

"ಯಾರು ಹೇಳಿದ್ದು ನಾನಿಲ್ಲ ಅಂತ? ನೀನು ಅಡಿಲೇಡ್‌ನಲ್ಲಿ, ನಾನು ಬ್ರಿಸ್ಬೇನ್‌ನಲ್ಲಿ. ಕಿವೀಲಿ ಫೋನು. ನೀನು ನಿಂತ್ರೆ ನಾನೂ ನಿಲ್ತೀನಿ, ನೋಡ್ಕೋ!"

"ನೀನು ನಿಂತ್ರೆ ನಾನೂ ಅಷ್ಟೇ."

ಹಾಗೆ ಶುರುವಾಯಿತು. ಚಳಿಗಾಲದಲ್ಲಿ ಅವಳಿಗೆ ಬೆಳಗಿನ ಆರೂವರೆ, ಅವನಿಗೆ ಏಳು. ಅಡಿಲೇಡ್‌ನ ಕ್ಯಾಂಪ್‌ಬೆಲ್‌ಟೌನ್‌ನಲ್ಲಿ, ಟೊರೆನ್ಸ್ ನದಿಯ ಪಕ್ಕದ ದಾರಿಯಲ್ಲಿ ಅವಳು. ಬ್ರಿಸ್ಬೇನ್‌ನ ಸನ್ನಿಬ್ಯಾಂಕ್ ಹತ್ತಿರದ ಕೆರೆಯ ಸುತ್ತ ಅವನು.

"ಸೇತುವೆ ಬಂತು ಕಸ್ತೂರಿ... ಉಸ್ಸಪ್ಪಾ, ಏರು!"

"ಮಾತಾಡ್ಬೇಡ, ಹತ್ತು!"

ಅವನ ಏದುಸಿರು ಕೇಳುತ್ತ ಅವಳು ಹೆಜ್ಜೆ ಬೀಸುತ್ತಿದ್ದಳು. ಯಾರಿಗೂ ಹೇಳದ ಮಾತುಗಳನ್ನು ಆ ಕತ್ತಲು ಬೆಳಕಿನಲ್ಲಿ ಅವನಿಗೆ ಹೇಳಿದಳು. ಆಸ್ಪತ್ರೆಯಿಂದ ಮನೆಗೆ ಬಂದ ಅಮ್ಮ, ಹೊಸಿಲ ಬಳಿ ಎಂದಿನಂತೆ ಎರಡು ಚಪ್ಪಲಿಯನ್ನೂ ಬಿಡಲು ಬಗ್ಗಿ, ಒಂದು ಕ್ಷಣ ಹಾಗೇ ನಿಂತುಬಿಟ್ಟದ್ದನ್ನೂ ಹೇಳಿದಳು. ಆ ದಿನ ಅವನು ಬಹಳ ಹೊತ್ತು ಮಾತಾಡಲಿಲ್ಲ.

'ನನಗಾಗಿ ಅಳುತ್ತಿದ್ದಾನೆ,' ಎಂದುಕೊಂಡಿದ್ದಳು ಕಸ್ತೂರಿ.

ಜೂನ್‌ನಲ್ಲಿ ಹೀಗೆ ನಡೆಯುವಾಗಲೇ ಅವನು ಕೇಳಿದ. "ನನ್ನ ಮದುವೆ ಆಗ್ತೀಯಾ?"

"ಉತ್ತರ ಎದುರಿಗೇ ಹೇಳ್ತೀನಿ," ಎಂದಿದ್ದಳು, ನದಿಯ ದಂಡೆಯಲ್ಲಿ ಒಬ್ಬಳೇ ನಾಚುತ್ತ.

* * *

ಆಗಸ್ಟ್‌ನಲ್ಲಿ ರಿಪೋರ್ಟ್ ಬಂತು. ಶುಗರ್ ಪೂರ್ತಿ ನಾರ್ಮಲ್! ಡಾಕ್ಟರ್ ಎದ್ದು ಕೈ ಕುಲುಕಿದರು. ಕಸ್ತೂರಿ ಅದನ್ನು ಅವನಿಗೆ ಹೇಳಲಿಲ್ಲ. ಶುಕ್ರವಾರ ಸಂಜೆಯ ವಿಮಾನ ಹತ್ತಿ ಬ್ರಿಸ್ಬೇನ್‌ಗೆ ಹೋಗಿ, ಸನ್ನಿಬ್ಯಾಂಕ್‌ನಲ್ಲಿದ್ದ ಕಾಲೇಜಿನ ಗೆಳತಿ ಜಯಮಾಲಾಳ ಮನೆಯಲ್ಲಿ ಇಳಿದಳು.

"ಫೋನ್ ಮಾಡಿ ಕರಿಯೇ ಅವನನ್ನ!" ಎಂದಳು ಜಯಮಾಲಾ.

"ಬೇಡ. ಬೆಳಿಗ್ಗೆ ಕೆರೆ ಹತ್ರ ಎದುರಾಗ್ತೀನಿ. ಅವನ ಮುಖ ನೋಡ್ಬೇಕು ನಾನು!"

ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಮುಂಚೆ ಅವಳು ಕೆರೆಯ ಸೇತುವೆಯ ಮೇಲಿದ್ದಳು. ಪರ್ಸಿನಲ್ಲಿ ರಿಪೋರ್ಟ್, ಮೈಮೇಲೆ ಅವನಿಗಿಷ್ಟದ ಹಳದಿ ಕುರ್ತಾ. ಹುಲ್ಲಿನ ಮೇಲೆ ಇಬ್ಬರು ಚೀನೀ ಅಜ್ಜಂದಿರು ನಿಧಾನವಾಗಿ ಕೈ ತಿರುಗಿಸುತ್ತ ವ್ಯಾಯಾಮ ಮಾಡುತ್ತಿದ್ದರು. ಸರಿಯಾಗಿ ಏಳಕ್ಕೆ ಫೋನ್ ಹೊಡೆದುಕೊಂಡಿತು.

"ಹೊರಟ್ಯಾ ಕಸ್ತೂರಿ?"

"ಹೊರಟೆ... ನೀನು?"

"ಆಗ್ಲೇ ಕೆರೆ ಹತ್ರ ಬಂದ್ಬಿಟ್ಟೆ. ಇವತ್ತು ಬಾತುಕೋಳಿ ಜಾಸ್ತಿ ಇವೆ."

ಅವಳು ನಗು ತಡೆದುಕೊಂಡು ಸುತ್ತ ನೋಡಿದಳು. ಬಾತುಕೋಳಿಗಳಿದ್ದವು. ಅವನಿರಲಿಲ್ಲ.

"ಎಲ್ಲಿ ತಲುಪ್ದೆ?"

"ಸೇತುವೆ ಹತ್ತುತ್ತಿದೀನಿ. ಉಸ್ಸಪ್ಪಾ..."

ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ ಕಸ್ತೂರಿ ಒಬ್ಬಳೇ ನಿಂತಿದ್ದಳು.

ಅವಳು ಕಂಬಿ ಹಿಡಿದು ಬಗ್ಗಿ ಕೆರೆಯ ಆಚೆ ದಡ ನೋಡಿದಳು. 'ಬೇರೆ ಸೇತುವೆ ಇರಬೇಕು... ಬೇರೆ ಕೆರೆ ಇರಬೇಕು...'

ಅಷ್ಟರಲ್ಲಿ ಫೋನಿನಲ್ಲಿ ಕಸದ ಲಾರಿ ಹಿಂದಕ್ಕೆ ಬರುವ ಪೀಂ ಪೀಂ ಸದ್ದು ಕೇಳಿತು. ಅದೇ ಸದ್ದು ಅವಳ ಇನ್ನೊಂದು ಕಿವಿಗೂ ಬಿತ್ತು, ಮರಗಳ ಆಚೆಯ ಪಾರ್ಕಿಂಗ್‌ನಿಂದ.

ಕಾಲುಗಳು ತಾವಾಗಿಯೇ ಅತ್ತ ನಡೆದವು.

ಲಾರಿಯ ಪಕ್ಕದಲ್ಲೊಂದು ಬಿಳಿ ಕಾರು. ಹಕ್ಕಿಗಳ ಸದ್ದು ಒಳಗೆ ಬರುವಂತೆ ಕಿಟಕಿ ಪೂರ್ತಿ ಇಳಿಸಿತ್ತು. ಸೀಟು ಹಿಂದಕ್ಕೆ ಬಾಗಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದ ಉತ್ತಮ್. ಪರ್ತ್‌ನಲ್ಲಿ ಕರಗಿದ್ದ ಬೊಜ್ಜೆಲ್ಲ ಬಡ್ಡಿ ಸಮೇತ ವಾಪಸ್ ಬಂದಿತ್ತು. ತೊಡೆಯ ಮೇಲೆ ಬೇಕರಿಯ ಕವರ್, ಕೈಯಲ್ಲಿ ಅರ್ಧ ತಿಂದ ಬನ್.

"ಹ್ಹಾ... ಹ್ಹಾ... ಏರು ಮುಗೀತು ಕಣೇ," ಎಂದು ಅವನು ಫೋನಿಗೆ ಏದುಸಿರು ಬಿಟ್ಟ.

"ಉತ್ತಮ್."

ಅವಳ ಧ್ವನಿ ಫೋನಿನಿಂದಲೂ ಬಂತು, ಕಿಟಕಿಯಿಂದಲೂ ಬಂತು. ಅವನು ಕಣ್ಣು ಬಿಟ್ಟ. ಬನ್ ಕೈಯಿಂದ ಜಾರಿತು.

"ಕಸ್ತೂ... ನೀನು... ಇಲ್ಲಿ..."

"ಎಷ್ಟು ದಿನದಿಂದ?"

"ಕೇಳು, ನಾನು ಹೇಳ್ತೀನಿ..."

"ಎಷ್ಟು ದಿನದಿಂದ ಉತ್ತಮ್?"

"ಏಪ್ರಿಲ್‌ನಿಂದ." ಅವನ ತಲೆ ತಗ್ಗಿತು. "ಮಂಡಿ ಉಳುಕಿತ್ತು. ಮೂರು ವಾರ ನಡೀಬೇಡ ಅಂದ್ರು ಡಾಕ್ಟರ್. ನಾನು ನಿಂತ್ರೆ ನೀನೂ ನಿಲ್ತೀಯ ಅಂತ... ಮೂರು ವಾರ ಹೀಗೆ ಮಾಡೋಣ ಅಂದ್ಕೊಂಡೆ."

"ಮಂಡಿ ಯಾವಾಗ ಸರಿಹೋಯ್ತು?"

"ಮೇ ತಿಂಗಳಲ್ಲಿ..."

"ಈಗ ಆಗಸ್ಟ್!"

ಅವನು ತೊಡೆಯ ಮೇಲಿದ್ದ ಬೇಕರಿಯ ಕವರನ್ನು ಮುದುಡಿದ.

ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದೇ ಕಸ್ತೂರಿಯ ಕೆಲಸ. ಈಗ ಒಂದೊಂದೇ ಕಣ್ಣಿಗೆ ಬಿತ್ತು. ವಿಡಿಯೋ ಕಾಲ್ ಬೇಡ, ಮುಂದಿನ ಕ್ಯಾಮೆರಾ ಕೆಟ್ಟಿದೆ ಎನ್ನುತ್ತಿದ್ದುದು. ತಟ್ಟೆಯ ಫೋಟೋಗಳಲ್ಲೆಲ್ಲ ಒಂದೇ ಥರದ ಬೆಳಕು ಇದ್ದುದು.

"ಆ ಊಟದ ಫೋಟೋ?"

"ತಿಂಗಳಿಗೊಂದು ಭಾನುವಾರ ಕೂತು... ಒಟ್ಟಿಗೇ ತೆಗೀತಿದ್ದೆ."

ಅವಳು ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೇಳಬಾರದು ಎಂದುಕೊಂಡ ಪ್ರಶ್ನೆ ಹೊರಗೆ ಬಂದೇಬಿಟ್ಟಿತು.

"ಅಮ್ಮ ಚಪ್ಪಲಿ ಬಿಡೋಕೆ ಹೋದ ವಿಷಯ ಹೇಳಿದ್ನಲ್ಲ... ಆ ದಿನ ಇಲ್ಲೇ ಕೂತಿದ್ಯಾ?"

"ಹೌದು."

"ಏನಾದ್ರೂ ತಿಂತಾ ಇದ್ಯಾ?"

ಇಲ್ಲ ಎಂದುಬಿಡಬಹುದಿತ್ತು ಅವನು. ಅಷ್ಟು ಸುಳ್ಳುಗಳ ನಡುವೆ ಇನ್ನೊಂದೇನು ಮಹಾ! ಆದರೆ ಅವಳ ಮುಖ ನೋಡಿ ಅವನ ಬಾಯಿಗೆ ಆ ಸುಳ್ಳು ಬರಲಿಲ್ಲ.

"ಬಾಯಲ್ಲಿ ಬನ್ ಇತ್ತು ಕಸ್ತೂರಿ. ನುಂಗೋಕೂ ಆಗ್ಲಿಲ್ಲ, ಉಗಿಯೋಕೂ ಆಗ್ಲಿಲ್ಲ. ಅದಕ್ಕೇ ಮಾತಾಡ್ಲಿಲ್ಲ."

ಅವಳು ಕೂಗಾಡಲಿಲ್ಲ. ಪರ್ಸಿನಿಂದ ರಿಪೋರ್ಟ್ ತೆಗೆದು ಅವನ ಕಣ್ಣ ಮುಂದೆ ಹಿಡಿದಳು.

"ಇದನ್ನ ತೋರಿಸಿ ಮದುವೆಗೆ ಹೂಂ ಅನ್ನೋಕೆ ಬಂದಿದ್ದೆ."

ಉತ್ತಮ್ ಕಾರಿನಿಂದ ಇಳಿಯುವಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು. ಅವನು ಓಡಿದ. ಐವತ್ತು ಹೆಜ್ಜೆಗೆ ಉಸಿರು ಕಟ್ಟಿ ಮಂಡಿ ಹಿಡಿದು ನಿಂತ. ಈ ಸಲದ ಏದುಸಿರು ನಿಜವಾದದ್ದು. ಕೇಳಲು ಅವಳಿರಲಿಲ್ಲ.

* * *

ಅಡಿಲೇಡ್‌ಗೆ ಬಂದ ಕಸ್ತೂರಿ ಹನ್ನೊಂದು ದಿನ ನಡೆಯಲಿಲ್ಲ.

ಅಲಾರಂ ಹೊಡೆಯುತ್ತಿತ್ತು, ಆರಿಸುತ್ತಿದ್ದಳು. ಬಿಸಿ ಅನ್ನಕ್ಕೆ ಧಾರಾಳವಾಗಿ ತುಪ್ಪ ಸುರಿದುಕೊಂಡು, ಟಿವಿಯ ಮುಂದೆ ಕೂತು ತಿಂದಳು. ರುಚಿಯೇ ಗೊತ್ತಾಗಲಿಲ್ಲ. 'ಅವನಿಗಾಗಿ ನಡೆದೆ... ಅವನೇ ಇರಲಿಲ್ಲ. ಹಾಗಾದರೆ ಇಷ್ಟು ದಿನ ನಾನು ಮಾಡಿದ್ದೇನು? ನಿಂತ ಕಾರಿನ ಜೊತೆ ಮಾತು!' ಒಬ್ಬಳೇ ಇದ್ದಾಗ ಆ ಹುಸಿ ಏದುಸಿರು ಕಿವಿಯಲ್ಲಿ ಸುತ್ತುತ್ತಿತ್ತು. ಮೋಸ ಹೋದದ್ದಕ್ಕಿಂತ, ಅಷ್ಟು ಖುಷಿಯಿಂದ ಮೋಸ ಹೋದದ್ದಕ್ಕೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಪಕ್ಕದ ಮನೆಯಲ್ಲಿ ಮಗನ ಹತ್ತಿರ ಬಂದು ಉಳಿದಿದ್ದ ಇಂದಿರಮ್ಮ ಹನ್ನೊಂದನೇ ದಿನ ಬೇಲಿಯ ಬಳಿ ತಡೆದರು.

"ಏನಮ್ಮಾ, ಈಗ ವಾಕಿಂಗ್ ಹೋಗಲ್ವಾ?"

"ಜೊತೆಗಿದ್ದವರು ಬಿಟ್ಟುಬಿಟ್ರು ಆಂಟಿ."

"ಜೊತೆಗಿದ್ದವರಾ?" ಇಂದಿರಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಾನು ದಿನಾ ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ನೀನೊಬ್ಳೇ ಹೋಗ್ತಿದ್ದೆ ಕಣಮ್ಮಾ."

ಅವರು ಬೇರೇನೂ ಹೇಳದೆ ಕೊತ್ತಂಬರಿಗೆ ನೀರು ಹಾಕಲು ಹೋದರು.

ಕಸ್ತೂರಿ ಅಲ್ಲೇ ನಿಂತಳು. ನಡುಗುವ ಚಳಿಯಲ್ಲಿ ಹಾಸಿಗೆ ಬಿಟ್ಟು ಎದ್ದವಳು, ಮುಟ್ಟಿನ ನೋವಿನಲ್ಲೂ ಶೂ ಕಟ್ಟಿದವಳು, ಆಫೀಸಿನ ಬರ್ತ್‌ಡೇ ಕೇಕ್‌ಗೆ ನಗುತ್ತ ಬೇಡ ಎಂದವಳು... ಯಾರು?

ಮರುದಿನ ಆರೂವರೆಗೆ ಅವಳು ಹೊರಟಳು. ಫೋನನ್ನು ಮನೆಯಲ್ಲೇ ಬಿಟ್ಟಳು. ದಾರಿಯುದ್ದಕ್ಕೂ ಅಳುತ್ತಲೇ ನಡೆದಳು, ಆದರೆ ನಿಲ್ಲಲಿಲ್ಲ. ಮೊದಲ ಸಲ ಅವಳಿಗೆ ತನ್ನದೇ ಉಸಿರು ಕೇಳಿಸಿತು. ಗಟ್ಟಿಯಾಗಿತ್ತು ಅದು.

ಮನೆಗೆ ಬಂದಾಗ ಫೋನಿನಲ್ಲಿ ಉತ್ತಮ್‌ನ ಮೆಸೇಜ್. ಅಲ್ಲಿಯವರೆಗೆ ಬಂದಿದ್ದ ಕ್ಷಮಾಪಣೆಗಳನ್ನೆಲ್ಲ ಓದದೆ ಅಳಿಸಿದ್ದಳು. ಇದು ಬೇರೆ ಥರ ಇತ್ತು.

"ಇವತ್ತು ನಾನೂರು ಮೀಟರ್. ಎರಡು ಸಲ ಕೂತೆ. ವಾಪಸ್ ಬರ್ತಾ ಬನ್ ತಿಂದೆ."

ಮರುದಿನ: "ಆರುನೂರು. ಬನ್ ಇಲ್ಲ. ಮಧ್ಯಾಹ್ನ ಚಿಪ್ಸ್ ತಿಂದೆ, ದೊಡ್ಡ ಪ್ಯಾಕೆಟ್."

ಕಸ್ತೂರಿ ಉತ್ತರಿಸಲಿಲ್ಲ. 'ಇದೂ ನಾಟಕ. ಭಾನುವಾರ ಕೂತು ಒಟ್ಟಿಗೇ ಬರೆದಿಟ್ಟಿರ್ತಾನೆ,' ಎಂದುಕೊಂಡಳು. ಆದರೂ ಓದುವುದನ್ನು ನಿಲ್ಲಿಸಲಾಗಲಿಲ್ಲ.

ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್... ಒಂದು ದಿನವೂ ತಪ್ಪದೆ ಮೆಸೇಜುಗಳು ಬಂದವು. ಕ್ಷಮಿಸು ಎಂದಿರಲಿಲ್ಲ, ಉತ್ತರ ಕೊಡು ಎಂದಿರಲಿಲ್ಲ. ಡಿಸೆಂಬರ್‌ನ ಒಂದು ಬೆಳಿಗ್ಗೆ ಬಂದ ಮೆಸೇಜ್ ನೋಡಿ ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಇವತ್ತು ಹೋಗಲಿಲ್ಲ. ಮಳೆ ಇಲ್ಲ, ಮಂಡಿ ನೋವಿಲ್ಲ, ಕೆಲಸ ಇಲ್ಲ. ಕಾರಣ ಏನೂ ಇಲ್ಲ. ಸುಮ್ನೆ ಹೋಗಲಿಲ್ಲ."

ಮೆಚ್ಚಿಸಲು ಬರೆಯುವವನು ಇದನ್ನು ಬರೆಯುವುದಿಲ್ಲ ಎಂದು ಅವಳಿಗನಿಸಿತು. ಆಮೇಲೆ ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಬರೆದಳು.

"ನಾಳೆ ಹೋಗು."

ದೂರದ ಸನ್ನಿಬ್ಯಾಂಕ್‌ನಲ್ಲಿ ಉತ್ತಮ್ ಆ ಎರಡು ಪದಗಳನ್ನು ನೋಡಿ, ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತದ್ದು ಅವಳಿಗೆ ಗೊತ್ತಾಗಲಿಲ್ಲ.

* * *

ಮಾರ್ಚ್‌ನಲ್ಲಿ ಅವನು ಕೇಳಿದ. "ಒಂದ್ಸಲ ಬರ್ಲಾ?"

ಅವಳು ಎರಡು ದಿನ ಬಿಟ್ಟು ಉತ್ತರಿಸಿದಳು. "ಶನಿವಾರ ಎಂಟಕ್ಕೆ ನದಿ ಹತ್ರ ಬಾ. ಕಾರ್ ತರಬೇಡ."

ಬಸ್ಸಿನಿಂದಿಳಿದು ಬಂದ ಉತ್ತಮ್ ಇನ್ನೂ ದಪ್ಪಗೇ ಇದ್ದ. ಮುಖ ಮಾತ್ರ ಸ್ವಲ್ಪ ಇಳಿದಿತ್ತು. ಅವನನ್ನು ನೋಡಿದೊಡನೆ ಕಸ್ತೂರಿ ಬಗ್ಗಿ, ಬಿಗಿಯಾಗಿಯೇ ಇದ್ದ ಶೂ ಲೇಸನ್ನು ಮತ್ತೆ ಕಟ್ಟಿದಳು. ಎದ್ದು ಬಿರುಸಾಗಿ ಹೇಳಿದಳು. "ನಾನು ನಿಧಾನ ಮಾಡಲ್ಲ."

"ಮಾಡ್ಬೇಡ."

"ಎರಡನೇ ಸೇತುವೆ ತನಕ ಹೋಗಿ ವಾಪಸ್ ಬರ್ತೀನಿ. ಎರಡೂವರೆ ಕಿಲೋಮೀಟರ್ ಹೋಗೋಕೆ, ಅಷ್ಟೇ ಬರೋಕೆ."

"ನೀನು ಹೋಗು ಕಸ್ತೂರಿ. ನಾನು ನನ್ನ ಪಾಡಿಗೆ ಬರ್ತೀನಿ."

ಅವಳು ಹೊರಟಳು. ತಿರುವು ದಾಟುವಷ್ಟರಲ್ಲಿ ಅವನು ಹಿಂದೆ ಉಳಿದು ಮರೆಯಾದ. ತಿರುಗಿ ನೋಡಬಾರದೆಂದು ಹಟ ಹಿಡಿದು ನಡೆದಳು. ಎರಡನೇ ಸೇತುವೆ ಮುಟ್ಟಿ ಹಿಂದಿರುಗುವಾಗ ಮಾತ್ರ ಕಣ್ಣು ಅವನನ್ನು ಹುಡುಕತೊಡಗಿತು.

ದಾರಿಯಲ್ಲಿ ಬೆಂಚುಗಳಿದ್ದವು. 'ಯಾವುದಾದರೂ ಒಂದರ ಮೇಲೆ ಕೂತಿರ್ತಾನೆ. ನನ್ನ ನೋಡಿದ ತಕ್ಷಣ ಎದ್ದು ನಡೆಯೋ ಹಾಗೆ ಮಾಡ್ತಾನೆ...'

ಮೊದಲ ಬೆಂಚು ಖಾಲಿ. ಎರಡನೆಯದರ ಮೇಲೆ ಯಾರೋ ಅಜ್ಜಿ, ಪಕ್ಕದಲ್ಲಿ ನಾಯಿ. ಮೂರನೆಯದು ಖಾಲಿ. ಎಲ್ಲಿ ಹೋದ? ಬಿಟ್ಟು ಹೋದನಾ? ಅವಳ ಹೆಜ್ಜೆ ತಾನಾಗಿ ಚುರುಕಾಯಿತು.

ಯೂಕಲಿಪ್ಟಸ್ ಮರಗಳ ತಿರುವಿನಲ್ಲಿ ಅವನು ಕಂಡ. ಬೆವರಿನಿಂದ ತೊಯ್ದ ಶರ್ಟು, ಕೆಂಪಾದ ಮುಖ. ಅವಳನ್ನು ಇನ್ನೂ ನೋಡಿರಲಿಲ್ಲ. ತಲೆ ತಗ್ಗಿಸಿ, ಒಂದು, ಎರಡು ಎಂದು ತುಟಿಯಲ್ಲೇ ಹೆಜ್ಜೆ ಎಣಿಸುತ್ತ, ನಿಧಾನವಾಗಿ, ತುಂಬ ನಿಧಾನವಾಗಿ ನಡೆದು ಬರುತ್ತಿದ್ದ.

ಕಸ್ತೂರಿ ನಿಂತುಬಿಟ್ಟಳು. ಇಷ್ಟು ತಿಂಗಳು ಬಿಗಿಹಿಡಿದದ್ದೆಲ್ಲ ಕಣ್ಣಿನಿಂದ ಇಳಿಯತೊಡಗಿತು.

ಅವನು ತಲೆಯೆತ್ತಿದ. "ಯಾಕೆ... ನಿಂತೆ? ನಿಧಾನ ಮಾಡಲ್ಲ... ಅಂದಿದ್ದೆ..."

"ಸುಮ್ನಿರು. ಮೊದಲು ಉಸಿರು ತಗೋ."

ನೀರಿನ ಬಾಟಲಿ ಕೊಟ್ಟಳು. ಅವನು ಕುಡಿದು, ಬಾಯಿ ಒರೆಸಿಕೊಂಡು, ಅವಳನ್ನು ನೇರವಾಗಿ ನೋಡಿದ.

"ನಿನ್ನನ್ನ ತುಂಬಾ ಪ್ರೀತಿಸ್ತೀನಿ ಕಸ್ತೂರಿ. ಅದೊಂದನ್ನ ಯಾವತ್ತೂ ಸುಳ್ಳು ಹೇಳ್ಲಿಲ್ಲ. ಆದ್ರೆ ನೀನು ನಂಬ್ಲೇಬೇಕು ಅಂತ ಕೇಳೋ ಹಕ್ಕು ನಂಗಿಲ್ಲ."

"ನಾನೂ ಪ್ರೀತಿಸ್ತೀನಿ. ಅದಕ್ಕೇ ಅಷ್ಟು ನೋವಾಗಿದ್ದು." ಅವಳು ಕಣ್ಣೊರೆಸಿಕೊಂಡಳು. "ಇನ್ನು ನಾನು ನಿನಗೋಸ್ಕರ ನಡೆಯಲ್ಲ ಉತ್ತಮ್. ನೀನೂ ನನಗೋಸ್ಕರ ನಡೀಬೇಡ. ಪಕ್ಕದಲ್ಲಿ ಬರೋದಿದ್ರೆ ಬಾ."

"ಮತ್ತೆ... ನಂಬಿಕೆ?"

"ಅದಕ್ಕೆ ಟೈಮ್ ಬೇಕು."

"ಎಷ್ಟು ಬೇಕಾದ್ರೂ ತಗೋ. ನಾನು ಕಾಯ್ತೀನಿ."

ಕಸ್ತೂರಿ ಅವನ ಬೆವೆತ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಆ ಅಳುವಿನ ನಡುವೆಯೇ ಅವಳ ತುಟಿಯಲ್ಲೊಂದು ಸಣ್ಣ ನಗು.

"ಕಾಯಬೇಡ," ಎಂದಳು. "ನಡಿ."